ಬೂದು ತಿಮಿಂಗಿಲದ ಮೈಗುರುತು

ಮೀನಿನಂತೆ ಕಂಡರೂ ತಿಮಿಂಗಿಲ ನಮ್ಮಂತೆಯೇ ಸಸ್ತನಿ ಎಂಬುದನ್ನು ನೀವು ಬಲ್ಲಿರಿ. ಪೆಸಿಫಿಕ್ ಸಾಗರದ ಬೂದು ತಿಮಿಂಗಿಲದ ಉದ್ದ ಸುಮಾರು 13ರಿಂದ 15 ಮೀಟರ್. ಬೆನ್ನಿನ ಮೇಲೆ ಈಜುರೆಕ್ಕೆಯಿಲ್ಲ. ಬದಲಿಗೆ ಒಂದು ಡುಬ್ಬ, ಅದರ ಹಿಂದೆ ಬೆರಳಗೆಣ್ಣುಗಳಂಥ ಉಬ್ಬುಗಳ ಸಾಲು.

ಬಾಯಲ್ಲಿ ಹಲ್ಲಿಲ್ಲ. ಮೇಲ್ದವಡೆಯಿಂದ ಜೋಲುವ ಬಲೀನ್ ಫಲಕಗಳೇ ಜರಡಿ. ನಮ್ಮ ಉಗುರಿನಲ್ಲಿರುವ ಕೆರಾಟಿನ್ನಿಂದಲೇ ಇವೂ ಆಗಿವೆ. ಕಡಲತಳದ ಕೆಸರನ್ನು ಹೀರಿ, ಸೋಸಿ, ಸಣ್ಣ ಜೀವಿಗಳನ್ನು ನುಂಗುತ್ತದೆ. ಬೇಸಿಗೆಯಲ್ಲಿ ಆರ್ಕ್ಟಿಕ್‌ನಲ್ಲಿ ಕೂಡಿಟ್ಟ ಕೊಬ್ಬೇ ಮೆಕ್ಸಿಕೊದವರೆಗಿನ ಪಯಣಕ್ಕೆ ಬುತ್ತಿ.

ಬುತ್ತಿ ಸಾಲದಿದ್ದರೆ? ತಲೆಯ ಹಿಂಭಾಗ ಗುಳಿಬೀಳುತ್ತದೆ. 2019ರಿಂದ 2023ರವರೆಗೆ ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ ನೂರಾರು ತಿಮಿಂಗಿಲಗಳು ಸತ್ತು ದಡ ಸೇರಿದವು, ಹಲವು ಬಡಕಲಾಗಿದ್ದವು. ಆರ್ಕ್ಟಿಕ್‌ನಲ್ಲಿ ಆಹಾರ ಕುಗ್ಗಿದ್ದೇ ಮುಖ್ಯ ಕಾರಣವೆಂದು ವಿಜ್ಞಾನಿಗಳು ಕಂಡುಕೊಂಡರು.

ಇನ್ನು ಮುಂದೆ ಕಿರುತೆರೆಯಲ್ಲಿ ಇದನ್ನು ಕಂಡಾಗ ತಲೆಯ ಹಿಂಭಾಗವನ್ನು ಗಮನಿಸಿ. ಅಲ್ಲಿ ದುಂಡಗಿದ್ದರೆ, ಅದು ಹೊಟ್ಟೆತುಂಬ ಉಂಡಿದೆ ಎಂದು ತಿಳಿಯಿರಿ.