ಸ್ಕ್ಯಾನ್ ಮಾಡಿಸಿದ್ರೆ ಗೊತ್ತಾಗ್ತದಾ?

2025ರ ಮಾರ್ಚ್‌ನಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿನವರೆಗೆ ಜಾಡು ಹಿಡಿದು ಹೋಗಿ 37 ಕಿಲೋಗೂ ಹೆಚ್ಚು ಎಂಡಿಎಂಎ ವಶಪಡಿಸಿಕೊಂಡರು. ಬೆಲೆ ಸುಮಾರು 75 ಕೋಟಿ ರೂಪಾಯಿ ಅಂತ ಪೇಪರ್‌ನಲ್ಲಿ ಬಂತು. ಆ ಸುದ್ದಿ ಬಂದಮೇಲೆ ನಮ್ಮ ಕಡೆ ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಮಾತಿಗೆ ಮಾತು ಸೇರಿ ಅದೇ ವಿಷಯ. ಸಂಬಂಧದಲ್ಲಿ ಅಕ್ಕ ಆಗಬೇಕಾದವರೊಬ್ಬರು ನನ್ನನ್ನು ಬದಿಗೆ ಕರೆದು, "ನೀನು ಇಂಜಿನಿಯರ್ ಅಲ್ವಾ, ಎಂಆರ್‌ಐ ಮಾಡಿಸಿದ್ರೆ ಇವ ಏನಾದ್ರೂ ತಗೊಳ್ತಾನಾ ಅಂತ ಗೊತ್ತಾಗ್ತದಾ?" ಅಂತ ಕೇಳಿದರು. ಮಗ ಪಿಯುಸಿ. ವಾಟ್ಸಾಪಿನಲ್ಲಿ ಅವರಿಗೆ ಒಂದು ಚಿತ್ರ ಬಂದಿತ್ತು: ಡ್ರಗ್ಸ್ ತಗೊಂಡವನ ಮಿದುಳು, ತುಂಬಾ ತೂತು.

ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್‌ನವ. ಆದರೆ ಇಂಥ ಚಿತ್ರಗಳು ಕಡೆಗೆ ಸಾಫ್ಟ್‌ವೇರ್‌ನಿಂದಲೇ ಹೊರಬರುವುದು. ಹಾಗಾಗಿ ಕುತೂಹಲಕ್ಕೆ ಓದುತ್ತಾ ಹೋದೆ.

ಮೊದಲು ಆ ತೂತಿನ ವಿಷಯ. ಅದು ನಿಜವಾದ ತೂತಲ್ಲ. ಸ್ಪೆಕ್ಟ್ ಎಂಬ ಸ್ಕ್ಯಾನ್ ಮಿದುಳಿನ ಯಾವ ಭಾಗಕ್ಕೆ ಎಷ್ಟು ರಕ್ತ ಹರಿಯುತ್ತದೆ ಅಂತ ಅಳೆಯುತ್ತದೆ. ಇಷ್ಟಕ್ಕಿಂತ ಕಡಿಮೆ ಇದ್ದರೆ ಖಾಲಿ ತೋರಿಸು ಅಂತ ಸಾಫ್ಟ್‌ವೇರಿಗೆ ಹೇಳಿದರೆ ಅಲ್ಲಿ ಗುಂಡಿ ಬಿದ್ದ ಹಾಗೆ ಕಾಣುತ್ತದೆ. ಗೆರೆ ಎಲ್ಲಿ ಎಳೆಯಬೇಕು ಅಂತ ತೀರ್ಮಾನಿಸುವುದು ಮನುಷ್ಯರೇ.

ಎಫ್‌ಎಂಆರ್‌ಐ ಚಿತ್ರದ ಕೆಂಪು, ಹಳದಿ ಬಣ್ಣವೂ ಹಾಗೆಯೇ. ಅದು ಅಳೆಯುವುದು ರಕ್ತದ ಆಮ್ಲಜನಕದ ಸಣ್ಣ ಏರಿಳಿತವನ್ನು; ಬಣ್ಣ ಬರುವುದು ಆಮೇಲೆ, ಲೆಕ್ಕದಿಂದ. ಲೆಕ್ಕ ತಪ್ಪಿದರೆ ಏನಾಗ್ತದೆ ಅನ್ನುವುದಕ್ಕೆ ಮೀನು ತಿನ್ನುವ ಊರಿನವರಿಗೆ ಇಷ್ಟವಾಗುವ ಒಂದು ಕಥೆ ಉಂಟು. ಅಮೆರಿಕದ ಸಂಶೋಧಕರು ಒಂದು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್‌ನಲ್ಲಿಟ್ಟು ಅದಕ್ಕೆ ಮನುಷ್ಯರ ಫೋಟೋ ತೋರಿಸಿದರು. ಸಾವಿರಾರು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಬೇಕಾದ ತಿದ್ದುಪಡಿಯನ್ನು ಬಿಟ್ಟು ಲೆಕ್ಕ ಹಾಕಿದರೆ, ಸತ್ತ ಮೀನಿನ ಮಿದುಳು "ಕೆಲಸ ಮಾಡಿದ" ಹಾಗೆ ಕಂಡಿತು! ತಿದ್ದುಪಡಿ ಹಾಕಿದಾಗ ಏನೂ ಉಳಿಯಲಿಲ್ಲ. ಈ ಕೆಲಸಕ್ಕೆ 2012ರಲ್ಲಿ ಇಗ್ ನೊಬೆಲ್ ಸಿಕ್ಕಿತು.

ಹಾಗಾದರೆ ಇದೆಲ್ಲ ಬರೀ ಬೊಗಳೆಯಾ? ಖಂಡಿತ ಅಲ್ಲ. ಅಮೆರಿಕದ ನೋರಾ ವೊಲ್ಕೋ ಮತ್ತು ಸಂಗಡಿಗರು ಪೆಟ್ ಸ್ಕ್ಯಾನ್ ಬಳಸಿ, ಮೆಥಾಂಫೆಟಮಿನ್ ಚಟವಿದ್ದವರಲ್ಲಿ ಡೋಪಮೈನ್ ಸಾಗಿಸುವ ಪ್ರೋಟೀನ್ ಕಡಿಮೆಯಾಗಿರುವುದನ್ನು ತೋರಿಸಿದರು. 2001ರಲ್ಲಿ ಅವರದೇ ಇನ್ನೊಂದು ವರದಿ ಬಂತು: ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟಿದ್ದವರಲ್ಲಿ ಅದು ಬಹುಮಟ್ಟಿಗೆ ಚೇತರಿಸಿಕೊಂಡಿತ್ತು. ನೆನಪು ಮತ್ತು ಚಲನೆಯ ಪರೀಕ್ಷೆಗಳಲ್ಲಿ ಅಷ್ಟೇ ಸುಧಾರಣೆ ಕಾಣಲಿಲ್ಲ. ನೋಡಿದ್ದು ಐದೇ ಜನರನ್ನು, ನಿಜ. ಆದರೂ "ಒಮ್ಮೆ ಹಾಳಾದರೆ ಮುಗಿಯಿತು" ಅನ್ನುವವರಿಗೆ ಅದು ಒಂದು ಉತ್ತರ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಕೆಲಸ. ಡಾ. ವಿವೇಕ್ ಬೆನಗಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಗುಂಪು, ಒಂದೊಂದರಲ್ಲಿ ಸುಮಾರು 20 ಹುಡುಗರು. ಒಂದು ಗುಂಪಿನವರ ಮನೆಯಲ್ಲಿ ಕುಡಿತದ ಚಟ ವಂಶದಲ್ಲೇ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಎರಡೂ ಗುಂಪಿನ ಯಾರೂ ಮದ್ಯ ಮುಟ್ಟಿದವರಲ್ಲ. ಹಾಗಿದ್ದೂ ಎಂಆರ್‌ಐ ನೋಡಿದಾಗ ಮೊದಲ ಗುಂಪಿನಲ್ಲಿ ಮಿದುಳಿನ ಕೆಲವು ಭಾಗಗಳ ಗಾತ್ರ ಕಡಿಮೆ ಇತ್ತು. ಅಂದರೆ ಕುಡಿದದ್ದರಿಂದ ಆದ ವ್ಯತ್ಯಾಸ ಅಲ್ಲ ಅದು, ಕುಡಿಯುವ ಮೊದಲೇ ಇದ್ದದ್ದು.

ಇಂಜಿನಿಯರ್‌ಗಳಿಗೆ ಈ ಸಮಸ್ಯೆ ಹೊಸದಲ್ಲ. ಸರ್ವರ್ ಬಿದ್ದಮೇಲೆ ತೆಗೆದ ಒಂದೇ ಒಂದು ಸ್ಕ್ರೀನ್‌ಶಾಟ್ ನೋಡಿ ಕಾರಣ ಹೇಳಲಿಕ್ಕೆ ಆಗುವುದಿಲ್ಲ. ಅದಕ್ಕಿಂತ ಮೊದಲಿನ ಲಾಗ್ ಬೇಕು. ಮಿದುಳಿಗೂ ಅಂಥ ಲಾಗ್ ಬೇಕು ಅಂತಲೇ ಈಗ ಮಕ್ಕಳನ್ನು ಚಿಕ್ಕಂದಿನಿಂದ ಹಿಂಬಾಲಿಸುವ ಅಧ್ಯಯನಗಳು ನಡೆಯುತ್ತಿವೆ. ನಿಮ್ಹಾನ್ಸ್ ಮುಂದಾಳತ್ವದ ಸಿ-ವೇದ ಎಂಬ ಭಾರತ-ಬ್ರಿಟನ್ ಯೋಜನೆ 6ರಿಂದ 23 ವರ್ಷದವರನ್ನು ಸೇರಿಸಿಕೊಂಡಿದೆ; ಬೆಂಗಳೂರು, ಮೈಸೂರು, ಚಂಡೀಗಢ, ಕೋಲ್ಕತ್ತಾ, ಇಂಫಾಲ, ರಿಷಿ ವ್ಯಾಲಿಗಳಲ್ಲಿ ಅದರ ಕೇಂದ್ರಗಳು. ಅಮೆರಿಕದಲ್ಲಿ ಎಬಿಸಿಡಿ ಎಂಬ ಅಧ್ಯಯನ 9-10 ವರ್ಷದ 11 ಸಾವಿರಕ್ಕೂ ಹೆಚ್ಚು ಮಕ್ಕಳಿಂದ ಶುರುವಾಯಿತು. ಅದರಿಂದ 2024ರ ಕೊನೆಗೆ ಬಂದ ವರದಿಯೂ ನಿಮ್ಹಾನ್ಸ್ ಕಂಡದ್ದಕ್ಕೆ ಹತ್ತಿರ ಬಂತು: 15 ವರ್ಷದೊಳಗೆ ಮದ್ಯ, ತಂಬಾಕು, ಗಾಂಜಾ ಶುರು ಮಾಡಿದವರ ಮಿದುಳಿನಲ್ಲಿ ಕಂಡ ಹಲವು ವ್ಯತ್ಯಾಸಗಳು ಅವರು ಏನೂ ಮುಟ್ಟುವ ಮೊದಲೇ ಇದ್ದವು.

ಹಾಗಂತ ಡ್ರಗ್ಸ್ ಏನೂ ಮಾಡುವುದಿಲ್ಲ ಅಂತ ಅರ್ಥ ಅಲ್ಲ. ಬೆಳೆಯುವ ಮಿದುಳಿಗೆ ಅಪಾಯ ಹೆಚ್ಚು ಅನ್ನುವುದು ಬದಲಾಗಿಲ್ಲ. ಆದರೆ ಕೆಲವು ಮಕ್ಕಳು ಹುಟ್ಟಿನಿಂದಲೇ ಸ್ವಲ್ಪ ಹೆಚ್ಚು ಅಪಾಯದಲ್ಲಿ ಇರ್ತಾರೆ. ಹಾಗಿರುವಾಗ ಬರೀ "ಸಂಗ ಸರಿ ಇಲ್ಲ, ಬುದ್ಧಿ ಇಲ್ಲ" ಅಂತ ಬಯ್ಯುವುದು ಅನ್ಯಾಯ. ಇನ್ನೊಂದು ಮಾತು: ವಂಶದಲ್ಲಿ ಚಟ ಇದ್ದ ಎಲ್ಲರೂ ಚಟಕ್ಕೆ ಬೀಳುವುದಿಲ್ಲ. ಅದು ಹಣೆಬರಹ ಅಲ್ಲ.

ಅಕ್ಕನ ಪ್ರಶ್ನೆಗೆ ಉತ್ತರ: ಇಲ್ಲ, ಗೊತ್ತಾಗುವುದಿಲ್ಲ. ಈ ಫಲಿತಾಂಶಗಳೆಲ್ಲ ಗುಂಪಿನ ಸರಾಸರಿಗಳು. ಒಬ್ಬ ಹುಡುಗನ ಎಂಆರ್‌ಐ ನೋಡಿ ಇವ ಗಾಂಜಾ ಸೇದಿದ್ದಾನೆ ಅಂತ ಯಾರೂ ಹೇಳಲಾರರು. ದೇಹದಲ್ಲಿ ಅಮಲು ಪದಾರ್ಥ ಇದೆಯಾ ಅಂತ ಮೂತ್ರ ಪರೀಕ್ಷೆ ಹೇಳಬಹುದು, ಅದೂ ಕೆಲವು ದಿನಗಳ ಮಟ್ಟಿಗೆ. ಆದರೆ ಮೋಸದಿಂದ ಪರೀಕ್ಷೆ ಮಾಡಿಸಿದರೆ ಹುಡುಗ ಮುಂದೆ ಮನೆಯಲ್ಲಿ ಬಾಯಿ ಬಿಡ್ತಾನಾ?

ಸ್ಕ್ಯಾನ್‌ಗೆ ಎತ್ತಿಟ್ಟ ದುಡ್ಡು ಹಾಗೇ ಇರಲಿ. ನಿದ್ದೆ, ಊಟ, ಗೆಳೆಯರು, ಮಾರ್ಕು ಎಲ್ಲ ಒಮ್ಮೆಲೇ ಬದಲಾದರೆ ಮೊದಲು ಕೂತು ಮಾತಾಡಿ. ಮನೆಯಲ್ಲಿ ಯಾರಿಗಾದರೂ ಕುಡಿತದ ಚಟ ಇದ್ದರೆ ಅದನ್ನು ಮಕ್ಕಳಿಂದ ಮುಚ್ಚಿಡಬೇಡಿ, "ನಮ್ಮ ವಂಶದಲ್ಲಿ ಹೀಗುಂಟು, ನೀನು ಜಾಸ್ತಿ ಜಾಗ್ರತೆ ಇರಬೇಕು" ಅಂತ ಹೇಳಿ. ಮಾತಿಗೆ ದಾರಿ ಸಿಗದಿದ್ದರೆ ಮನೋವೈದ್ಯರಿದ್ದಾರೆ. ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಫೋನ್ ಮಾಡಬಹುದು, ದುಡ್ಡಿಲ್ಲ. ವ್ಯಸನಮುಕ್ತಿಗೆಂದೇ ಇರುವ ಸರಕಾರಿ ಸಹಾಯವಾಣಿ 14446.