ಹಿತ್ತಿಲಿನಲ್ಲಿ ಪುದೀನವನ್ನು ಬೆಳೆಯುವ ಕ್ರಮ

ಪುದೀನವು ಹಣ ತರುವ ಬೆಳೆಯಲ್ಲವೆಂದು ರೈತರು ಅದನ್ನು ಅಲಕ್ಷ್ಯಮಾಡುವುದುಂಟು. ಬಚ್ಚಲಿನ ನೀರು ಹರಿದುಹೋಗುವ ಕಡೆ ನಾಲ್ಕು ಕಡ್ಡಿಗಳನ್ನು ಊರಿ, ಆಮೇಲೆ ಅದರ ಯೋಚನೆಯನ್ನೇ ಬಿಡುವರು. ಗಿಡವೇನೋ ಸೊಂಪಾಗಿ ಹಬ್ಬುವುದು. ಆದರೆ ಈ ಸೊಪ್ಪನ್ನು ಬೇಯಿಸದೆ ಚಟ್ನಿ ಅರೆದು ತಿನ್ನುವುದೇ ಹೆಚ್ಚು. ಕೊಳೆನೀರಿನಿಂದ ಎಲೆಗಳಿಗೆ ಅಂಟಿದ ಜಂತುಹುಳುವಿನ ತತ್ತಿಗಳೂ ವಿಷಮಶೀತಜ್ವರದ ಕ್ರಿಮಿಗಳೂ ಚಟ್ನಿಯೊಡನೆ ಮಕ್ಕಳ ಹೊಟ್ಟೆಯನ್ನು ಸೇರಬಹುದು. ಕೂಸಿನ ಬಟ್ಟೆಗಳನ್ನು ಬಚ್ಚಲಿನಲ್ಲಿಯೇ ಒಗೆಯುವ ಮನೆಗಳಲ್ಲಿ ಈ ಅಪಾಯವು ಇನ್ನೂ ಅಧಿಕ. ಆದುದರಿಂದ ಬಚ್ಚಲಿನ ನೀರನ್ನು ಬಾಳೆಯ ಬುಡಕ್ಕೆ ತಿರುಗಿಸಿ, ಪುದೀನಕ್ಕೆ ಬಾವಿಯ ನೀರನ್ನೇ ಹಾಕತಕ್ಕದ್ದು. ಹಸಿ ಸಗಣಿಯನ್ನಾಗಲಿ ಅರೆಕೊಳೆತ ಗೊಬ್ಬರವನ್ನಾಗಲಿ ಹಾಕಕೂಡದು.

ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಸ್ಥಳವು ಉತ್ತಮ. ಒಂದು ಸಂಸಾರಕ್ಕೆ 4 ಅಡಿ ಉದ್ದ, 3 ಅಡಿ ಅಗಲದ ಪಾತಿಯು ಸಾಕು. ಮಣ್ಣನ್ನು ಒಂದು ಗೇಣು ಅಗೆದು, ಚೆನ್ನಾಗಿ ಕಳಿತ ಗೊಬ್ಬರವನ್ನು ಬೆರಸಬೇಕು. ತೇವವು ಸದಾ ಇರಬೇಕೇ ಹೊರತು ನೀರು ನಿಲ್ಲಬಾರದು. ನಿಂತರೆ ಬೇರು ಕೊಳೆಯುವುದು. ಪುದೀನದ ಬೇರುಕುಡಿಗಳು ನೆಲದೊಳಗೇ ಹರಿದು ಪಕ್ಕದ ಮಡಿಗಳನ್ನು ಆಕ್ರಮಿಸುವ ಸ್ವಭಾವದವು. ಇದನ್ನು ತಡೆಯಲು ಪಾತಿಯ ಸುತ್ತಲೂ ಕಲ್ಲುಚಪ್ಪಡಿಗಳನ್ನು ಒಂದು ಅಡಿ ಆಳಕ್ಕೆ ಹೂಳುವುದು ಲೇಸು. ಚಪ್ಪಡಿ ದೊರೆಯದವರು ತಳ ಒಡೆದ ಗುಡಾಣದಲ್ಲಿ ಬೆಳೆಯಬಹುದು.

ಪುದೀನವನ್ನು ಬೀಜದಿಂದ ಬೆಳೆಸುವ ರೂಢಿಯಿಲ್ಲ. ಮುಂಗಾರು ಮಳೆ ಹಿಡಿದ ಮೇಲೆ ಬೇರುಕುಡಿಗಳನ್ನು 4 ಅಂಗುಲದ ತುಂಡುಗಳಾಗಿ ಕತ್ತರಿಸಿ, 2 ಅಂಗುಲ ಆಳದಲ್ಲಿ, ಅಡಿಗೊಂದರಂತೆ ಮಲಗಿಸಿ ಮಣ್ಣು ಮುಚ್ಚಬೇಕು. ಈ ಕುಡಿಗಳು ಸಾಮಾನ್ಯವಾಗಿ ನೆರೆಮನೆಯಿಂದಲೇ ಬರತಕ್ಕವು. ಕೇಳಿದವರಿಗೆ ಇಲ್ಲವೆನ್ನದೆ ಕೊಡುವುದು ಒಳ್ಳೆಯ ಪದ್ಧತಿಯೇ ಸರಿ. ಆದರೆ ತಾಯಿಗಿಡದ ರೋಗವೂ ಅದರೊಡನೆ ಮನೆಯಿಂದ ಮನೆಗೆ ನಡೆದುಬರುವುದು. ಅವುಗಳಲ್ಲಿ ತುಕ್ಕುರೋಗವು ಮುಖ್ಯವಾದುದು. ಎಲೆಗಳ ಅಡಿಯಲ್ಲಿಯೂ ಕಾಂಡದ ಮೇಲೆಯೂ ಕಿತ್ತಳೆಬಣ್ಣದ ಪುಡಿಗುಳ್ಳೆಗಳು ಎದ್ದು, ಮುಂದೆ ಕಪ್ಪಾಗುವುವು. ಎಳೆಯ ಕುಡಿಗಳು ಸೊಟ್ಟಗಾಗುವುವು. ಇಂಥ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು, ತಿಪ್ಪೆಗೆ ಎಸೆಯಕೂಡದು.

ಬೇರೆ ಕುಡಿಯೇ ದೊರೆಯದಿದ್ದರೆ, ಸಂದೇಹವಿರುವ ಬೇರುಗಳ ಮಣ್ಣನ್ನು ತೊಳೆದು, 44 ಸೆಂಟಿಗ್ರೇಡ್ ಡಿಗ್ರಿ ಶಾಖದ ನೀರಿನಲ್ಲಿ 10 ನಿಮಿಷ ಮುಳುಗಿಸಿಟ್ಟು, ಕೂಡಲೇ ತಣ್ಣೀರಿನಲ್ಲಿ ಆರಿಸಿ ನೆಡಬಹುದು. ಶಾಖವು ಹೆಚ್ಚಿದರೆ ಕುಡಿ ಬೇಯುವುದು, ಕಡಿಮೆಯಾದರೆ ರೋಗ ಉಳಿಯುವುದು. ಕೈಯದ್ದಿ ನೋಡುವ ಅಂದಾಜು ಸಾಲದು. ಜ್ವರ ನೋಡುವ ಉಷ್ಣಮಾಪಕವು ಅಷ್ಟು ಶಾಖವನ್ನು ತೋರಿಸಲಾರದು, ಬೇರೆಯದೇ ಬೇಕು. ಗ್ರಾಮದ ಯಜಮಾನರು ಇಂಥದೊಂದನ್ನು ತರಿಸಿಟ್ಟು, ತಮ್ಮ ಹಿತ್ತಿಲಿನಲ್ಲಿ ರೋಗವಿಲ್ಲದ ಒಂದು ಪಾತಿಯನ್ನು ಕಾಪಾಡಿದರೆ ಊರಿಗೆಲ್ಲಾ ಅಲ್ಲಿಂದಲೇ ಕುಡಿಗಳನ್ನು ಹಂಚಬಹುದು.

ನೆಟ್ಟ ಸುಮಾರು ಎರಡು ತಿಂಗಳಿಗೆ, ಹೂ ಬಿಡುವುದಕ್ಕೆ ಮುಂಚೆ, ನೆಲದಿಂದ 2 ಅಂಗುಲ ಬಿಟ್ಟು ಕೊಯ್ಯಬೇಕು. ಎಲೆಗಳನ್ನು ಮಾತ್ರ ಚಿವುಟುತ್ತಿದ್ದರೆ ಕಾಂಡವು ಬಲಿತು ಕಟ್ಟಿಗೆಯಾಗುವುದು. ಕೊಯ್ದ ಮೇಲೆ ತೆಳ್ಳಗೆ ಗೊಬ್ಬರವನ್ನು ಹರಡಿ ನೀರು ಹಾಕಿದರೆ ಮತ್ತೆ ಚಿಗುರುವುದು. ಎರಡು ಮೂರು ವರ್ಷಗಳಿಗೊಮ್ಮೆ ಪಾತಿಯನ್ನು ಬೇರೆ ಸ್ಥಳಕ್ಕೆ ಬದಲಾಯಿಸಬೇಕು. ಹೆಚ್ಚಾದ ಸೊಪ್ಪನ್ನು ನೆರಳಿನಲ್ಲಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿಟ್ಟುಕೊಳ್ಳಬಹುದು; ಬಿಸಿಲಿನಲ್ಲಿ ಒಣಗಿಸಿದರೆ ಪರಿಮಳವು ಹಾರಿಹೋಗುವುದು.