ಅಪ್‌ಗ್ರೇಡ್ ಸಾಕಾ, ಫುಲ್ ಬೇಕಾ?

2009ರಲ್ಲಿ ವಿಂಡೋಸ್ 7 ಬಂದಾಗ ನಮ್ಮ ಹಾಸ್ಟೆಲ್‌ನಲ್ಲಿ ಇದೇ ಚರ್ಚೆ. ಆಗ ಅಮೆರಿಕದಲ್ಲಿ ಹೋಮ್ ಪ್ರೀಮಿಯಂ ಫುಲ್ ವರ್ಷನ್‌ಗೆ 200 ಡಾಲರ್, ಅಪ್‌ಗ್ರೇಡ್‌ಗೆ 120 ಇತ್ತು. ಕಡಿಮೆಯದ್ದೇ ತರಬಹುದಿತ್ತಲ್ಲ ಅಂತೀರಾ? ತಾಳಿ. ಅಪ್‌ಗ್ರೇಡ್ ಬಳಸುವ ಹಕ್ಕಿದ್ದದ್ದು ಅಸಲಿ ಎಕ್ಸ್‌ಪಿ ಅಥವಾ ವಿಸ್ಟಾ ಇದ್ದವರಿಗೆ ಮಾತ್ರ. ಅಸೆಂಬಲ್ ಮಾಡಿಸಿದ ಪಿಸಿಗೆ ಅಂಗಡಿಯವರು ‘ಫ್ರೀ’ಯಾಗಿ ಹಾಕಿಕೊಟ್ಟ ಎಕ್ಸ್‌ಪಿ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. (ನಮ್ಮ ಕಾರಿಡಾರ್‌ನಲ್ಲಿ ಅಸಲಿ ಸ್ಟಿಕರ್ ಇದ್ದದ್ದು ಎರಡೇ ಲ್ಯಾಪ್‌ಟಾಪ್‌ಗೆ!) ಅಸಲಿ ಎಕ್ಸ್‌ಪಿ ಇದ್ದರೂ ಅದರ ಮೇಲೆ ನೇರವಾಗಿ 7 ಕೂರುತ್ತಿರಲಿಲ್ಲ. ಫೈಲುಗಳನ್ನೆಲ್ಲ ಬೇರೆ ಕಡೆ ಇಟ್ಟು, ಹೊಸದಾಗಿ ಇನ್‌ಸ್ಟಾಲ್ ಮಾಡಿ, ಆಟೋಕ್ಯಾಡ್‌ನಿಂದ ಹಿಡಿದು ಎಲ್ಲವನ್ನೂ ಮತ್ತೆ ಹಾಕಬೇಕಿತ್ತು. ಫುಲ್ ವರ್ಷನ್ ಆದರೆ ಖಾಲಿ ಹಾರ್ಡ್‌ಡಿಸ್ಕ್ ಸಾಕಿತ್ತು. ಮುಂದೆ ಪಿಸಿ ಬದಲಿಸಿದರೆ ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಬಹುದಿತ್ತು. ನನ್ನ ಪಿಸಿಗೆ ಅದೇ ಸರಿಯಾಗಿತ್ತು. ಆದರೆ ಪರೀಕ್ಷೆ ಫೀಸು ಕಟ್ಟಿದ ತಿಂಗಳೇ ಅಪ್ಪನ ಹತ್ತಿರ ಅಷ್ಟು ದುಡ್ಡು ಹೇಗೆ ಕೇಳಲಿ? ಆಗ ಉಬುಂಟು ಹಾಕಿದೆ. ನಯಾಪೈಸೆ ಖರ್ಚಿಲ್ಲ, ಸಿ ಪ್ರೋಗ್ರಾಂಗೆ ಜಿಸಿಸಿ ಇದೆ. ಆಟೋಕ್ಯಾಡ್‌ಗೆ ಮಾತ್ರ ಕಾಲೇಜು ಲ್ಯಾಬೇ ಗತಿಯಾಗಿತ್ತು.